ಸುದ್ದಿ ಬೇರೆ, ಅಭಿಪ್ರಾಯ ಬೇರೆ: ಸಂಪಾದಕ ಸಿ.ಪಿ. ಸ್ಕಾಟ್

(ಲೇಖಕರು ನಮ್ಮ ಶಾಲೆಯ 2004ನೇ ಸಾಲಿನ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿ, ಬಿ.ಇ. ಪದವೀಧರರು. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಮಹನೀಯರೊಬ್ಬರ ಜೀವನ ಪರಿಚಯ ಬರೆದುಕೊಡಬೇಕೆಂದು ಸಮಿತಿಯ ಹಿರಿಯರು ಫೋನ್ ಮಾಡಿದ್ದರು. ಬಿ.ಇ. ಓದಿದವನಾದ್ದರಿಂದ ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆಯೇ ಬರೆಯುತ್ತೇನೆಂದು ಅವರು ಅಂದುಕೊಂಡಿದ್ದರು. ನಾನು ಒಬ್ಬ ಪತ್ರಿಕಾ ಸಂಪಾದಕರ ಹೆಸರು ಹೇಳಿದೆ, ಅದೂ ಇಂಗ್ಲೆಂಡಿನವರ ಹೆಸರು. ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಹಾಗಾಗಿ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ.

ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ನಮ್ಮೂರ ಕೆರೆಯ ಏರಿ ಒಂದು ಕಡೆ ಕುಸಿದದ್ದು ಎಲ್ಲರಿಗೂ ನೆನಪಿದೆ. ಆ ರಾತ್ರಿ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಒಂದೂವರೆ ಗಂಟೆಯಲ್ಲಿ ನೂರಕ್ಕೂ ಹೆಚ್ಚು ಸಂದೇಶ ಬಂದವು. ಏರಿ ಕೆಲಸದಲ್ಲಿ ಯಾರು ದುಡ್ಡು ತಿಂದರು, ಯಾರ ಕಾಲದಲ್ಲಿ ಬಿಲ್ ಆಯಿತು, ಯಾರ ಪಾಪ ಯಾರಿಗೆ ತಟ್ಟಿತು, ಎಲ್ಲವೂ ಅದರಲ್ಲಿದ್ದವು. ಏರಿ ಕುಸಿದದ್ದು ತೂಬಿನ ಹತ್ತಿರವೋ ಕೋಡಿಯ ಹತ್ತಿರವೋ, ನೀರು ಯಾವ ಕಡೆಯ ಗದ್ದೆಗೆ ನುಗ್ಗುತ್ತಿದೆ ಎಂಬುದು ಮಾತ್ರ ಇರಲಿಲ್ಲ. ಬೆಂಗಳೂರಿನಲ್ಲಿ ಕೂತು ನಾನೂ ನನ್ನಂಥ ಹತ್ತಾರು ಜನರೂ ಅಪ್ಪ ಅಮ್ಮನಿಗೆ ಫೋನ್ ಮಾಡುತ್ತಲೇ ಇದ್ದೆವು. ಬೆಳಗಾಗುವಷ್ಟರಲ್ಲಿ ಎರಡು ಮನೆತನಗಳ ನಡುವೆ ಮಾತು ನಿಂತಿತ್ತು. ಅದು ಇಂದಿಗೂ ಪೂರ್ತಿ ಸರಿಹೋಗಿಲ್ಲ.

ಆ ದಿನಗಳಲ್ಲಿ ನನಗೆ ಪದೇಪದೇ ನೆನಪಾಗುತ್ತಿದ್ದವರು ಚಾರ್ಲ್ಸ್ ಪ್ರೆಸ್ಟ್‌ವಿಚ್ ಸ್ಕಾಟ್. ಮ್ಯಾಂಚೆಸ್ಟರ್ ಗಾರ್ಡಿಯನ್ ಎಂಬ ಪತ್ರಿಕೆಗೆ 1872ರಿಂದ 1929ರವರೆಗೆ, ಅಂದರೆ 57 ವರ್ಷ, ಸಂಪಾದಕರಾಗಿದ್ದವರು. ಕಂಪನಿಯ ಕೆಲಸದ ಮೇಲೆ ನಾನು 11 ತಿಂಗಳು ಮ್ಯಾಂಚೆಸ್ಟರಿನಲ್ಲಿದ್ದೆ. ಕ್ರಾಸ್ ಸ್ಟ್ರೀಟ್ ಎಂಬ ಬೀದಿಯಲ್ಲಿ ದಿನವೂ ಓಡಾಡುತ್ತಿದ್ದೆ. ಒಂದು ಕಾಲಕ್ಕೆ ಆ ಪತ್ರಿಕೆಯ ಕಚೇರಿ ಅಲ್ಲಿತ್ತು. ಈಗ ಆ ಕಟ್ಟಡ ಇಲ್ಲ, ಆ ಭಾಗವನ್ನೆಲ್ಲ ದೊಡ್ಡ ಮಾಲ್ ಆವರಿಸಿದೆ. ಶನಿವಾರ ಭಾನುವಾರ ಮಾಡಲು ಕೆಲಸವಿಲ್ಲದೆ ಗ್ರಂಥಾಲಯದಲ್ಲಿ ಕೂತಾಗ ಸ್ಕಾಟ್ ಬಗ್ಗೆ ಓದಿದೆ. ನಮ್ಮವರೇ ಆದ ಡಿ.ವಿ.ಜಿ. ಇರುವಾಗ ಪರದೇಶದವರೇಕೆ ಎಂದು ನಮ್ಮ ಕನ್ನಡ ಮೇಷ್ಟ್ರು ಕೇಳಬಹುದು. ಡಿ.ವಿ.ಜಿ. ಅವರು ವೃತ್ತಪತ್ರಿಕೆಯ ಧರ್ಮದ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದಾರೆ, ಅದನ್ನು ಓದದವರು ಓದಬೇಕು. ಆದರೆ ಸುದ್ದಿಯೊಳಗೆ ಸ್ವಂತ ಅಭಿಪ್ರಾಯ ನುಸುಳಬಾರದು ಎಂಬ ಒಂದೇ ವಿಷಯಕ್ಕೆ ಸ್ಕಾಟ್ ಜೀವನದಷ್ಟು ಹತ್ತಿರದ ಇನ್ನೊಂದು ಜೀವನ ನನಗೆ ಗೊತ್ತಿಲ್ಲ. ಆ ವಿಷಯದಲ್ಲಿ ಅವರು ಎಡವಿದ್ದೂ ಉಂಟು, ಅದನ್ನೂ ಬರೆಯುತ್ತೇನೆ.

ಮೊದಲು ಪತ್ರಿಕೆ ಹುಟ್ಟಿದ ಕಥೆ. 1819ರಲ್ಲಿ ಮ್ಯಾಂಚೆಸ್ಟರ್ ಹತ್ತಿ ಗಿರಣಿಗಳ ದೊಡ್ಡ ಊರು. ಆದರೆ ಪಾರ್ಲಿಮೆಂಟಿನಲ್ಲಿ ಆ ಊರಿಗೆ ಒಬ್ಬನೇ ಒಬ್ಬ ಪ್ರತಿನಿಧಿ ಇರಲಿಲ್ಲ. ಮತದಾನದ ಹಕ್ಕು ಕೇಳಲು ಆ ವರ್ಷದ ಆಗಸ್ಟ್ 16ರಂದು ಸೇಂಟ್ ಪೀಟರ್ಸ್ ಫೀಲ್ಡ್ ಎಂಬ ಬಯಲಿನಲ್ಲಿ ಸುಮಾರು 60,000 ಜನ ಸೇರಿದರು. ಹೆಂಗಸರು ಮಕ್ಕಳೂ ಬಂದಿದ್ದರು. ಕುದುರೆ ಸವಾರರ ಪಡೆ ಕತ್ತಿ ಹಿರಿದು ಗುಂಪಿನ ಮೇಲೆ ನುಗ್ಗಿತು. ಕಡಿಮೆಯೆಂದರೂ 15 ಜನ ಸತ್ತರು, ನೂರಾರು ಜನ ಗಾಯಗೊಂಡರು. ವಾಟರ್‌ಲೂ ಯುದ್ಧ ಮುಗಿದು ಆಗ ನಾಲ್ಕೇ ವರ್ಷ; ಅದನ್ನು ಅಣಕಿಸಿ ಜನ ಈ ಹತ್ಯೆಗೆ ಪೀಟರ್‌ಲೂ ಎಂದು ಹೆಸರಿಟ್ಟರು.

ಲಂಡನ್ನಿನ ಟೈಮ್ಸ್ ಪತ್ರಿಕೆಯ ವರದಿಗಾರ ಜಾನ್ ಟಯಸ್ ಆ ದಿನ ವೇದಿಕೆಯ ಮೇಲೇ ಇದ್ದ. ಭಾಷಣಕಾರರ ಜೊತೆಗೆ ಅವನನ್ನೂ ಬಂಧಿಸಿದರು. ಇನ್ನು ಲಂಡನ್ನಿಗೆ ತಲುಪುವುದು ಮ್ಯಾಜಿಸ್ಟ್ರೇಟರು ಕಳಿಸುವ ವರದಿ ಮಾತ್ರ ಎಂದು ಹತ್ತಿ ವ್ಯಾಪಾರಿ ಜಾನ್ ಎಡ್ವರ್ಡ್ ಟೇಲರ್ ಮತ್ತು ಅವರ ಸ್ನೇಹಿತ ಆರ್ಚಿಬಾಲ್ಡ್ ಪ್ರೆಂಟಿಸ್ ಅವರಿಗೆ ಹೊಳೆಯಿತು. ಇಬ್ಬರೂ ನಡೆದದ್ದನ್ನು ಬರೆದು ಲಂಡನ್ನಿನ ಪತ್ರಿಕೆಗಳಿಗೆ ಕಳಿಸಿಕೊಟ್ಟರು. ಬಯಲಿನಲ್ಲಿ ಸೇರಿದ್ದನ್ನು ಸಭೆ ಎಂದು ಕರೆಯುವುದೋ ದೊಂಬಿ ಎಂದು ಕರೆಯುವುದೋ ಎಂಬ ಒಂದು ಪದದ ಮೇಲೆ ಸತ್ತವರ ಮರ್ಯಾದೆ ನಿಂತಿತ್ತು. ಎರಡು ವರ್ಷದ ನಂತರ, 1821ರ ಮೇ 5ರಂದು, ಹನ್ನೊಂದು ಮಂದಿ ಸ್ನೇಹಿತರು ಕೊಟ್ಟ ಬಂಡವಾಳದಲ್ಲಿ ಟೇಲರ್ ಮ್ಯಾಂಚೆಸ್ಟರ್ ಗಾರ್ಡಿಯನ್ ವಾರಪತ್ರಿಕೆ ಆರಂಭಿಸಿದರು. ಬೆಲೆ 7 ಪೆನ್ಸ್, ಅದರಲ್ಲಿ 4 ಪೆನ್ಸ್ ಸರ್ಕಾರದ ಮುದ್ರಾಂಕ ತೆರಿಗೆ. ಕೂಲಿಯವನು ಕೊಂಡು ಓದುವ ಮಾತೇ ಇರಲಿಲ್ಲ. 1855ರಲ್ಲಿ ಆ ತೆರಿಗೆ ಹೋದ ಮೇಲೆಯೇ ಅದು ದಿನಪತ್ರಿಕೆಯಾದದ್ದು.

ಅಂದ ಹಾಗೆ ಆ ಊರಿನ ಗಿರಣಿಗಳಿಗೂ ನಮ್ಮ ನಾಡಿಗೂ ನಂಟಿತ್ತು. ಅಮೆರಿಕದ ಅಂತರ್ಯುದ್ಧದಿಂದ 1860ರ ದಶಕದಲ್ಲಿ ಹತ್ತಿ ಬರುವುದು ನಿಂತಾಗ ಮ್ಯಾಂಚೆಸ್ಟರಿನ ಮಾಲೀಕರ ಕಣ್ಣು ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿತ್ತು. ಅದನ್ನು ಸಾಗಿಸಲೆಂದು ಕಾರವಾರ ಬಂದರನ್ನು ಬೆಳೆಸಬೇಕೆಂದು ಅವರು ಒತ್ತಾಯಿಸಿದ್ದರು.

ಸ್ಕಾಟ್ ಹುಟ್ಟಿದ್ದು 1846ರ ಅಕ್ಟೋಬರ್ 26ರಂದು, ಬಾತ್ ಎಂಬ ಊರಿನಲ್ಲಿ. ತಂದೆ ರಸೆಲ್ ಸ್ಕಾಟ್ ಕಲ್ಲಿದ್ದಲಿನ ವ್ಯಾಪಾರದಲ್ಲಿದ್ದವರು, ಅನುಕೂಲಸ್ಥರು. ಮನೆತನದ್ದು ಯೂನಿಟೇರಿಯನ್ ಎಂಬ ಸಣ್ಣ ಕ್ರೈಸ್ತ ಪಂಥ. ಬಹುಸಂಖ್ಯಾತರ ಚರ್ಚಿನಿಂದ ಹೊರಗಿದ್ದು, ತಮಗೆ ಸರಿ ಕಂಡದ್ದನ್ನು ಒಬ್ಬಂಟಿಯಾಗಿಯಾದರೂ ಹಿಡಿದುಕೊಂಡು ನಿಲ್ಲುವ ಜನ. ಆಕ್ಸ್‌ಫರ್ಡಿನಲ್ಲಿ ಓದಿ ಮೊದಲ ದರ್ಜೆಯಲ್ಲಿ ತೇರ್ಗಡೆಯಾದ ಮೇಲೆ ಎಡಿನ್‌ಬರೋದ ಸ್ಕಾಟ್ಸ್‌ಮನ್ ಪತ್ರಿಕೆಯಲ್ಲಿ ಸ್ವಲ್ಪ ಕಾಲ ಕೆಲಸ ಕಲಿತರು. ಗಾರ್ಡಿಯನ್ ಆಗ ಸ್ಥಾಪಕ ಟೇಲರ್ ಅವರ ಮಗನ ಕೈಯಲ್ಲಿತ್ತು. ಅವರ ಹೆಸರೂ ಜಾನ್ ಎಡ್ವರ್ಡ್ ಟೇಲರ್ ಎಂದೇ, ಸ್ಕಾಟ್ ಅವರಿಗೆ ಸೋದರ ಸಂಬಂಧಿ. ಅವರು ಕರೆಸಿಕೊಂಡರು. ಸಂಪಾದಕನ ಕುರ್ಚಿಯಲ್ಲಿ ಕೂತಾಗ ಸ್ಕಾಟ್ ವಯಸ್ಸು 25. ಬಂಧುತ್ವದಿಂದ ಸಿಕ್ಕಿದ ಕೆಲಸ ಎನ್ನುವುದರಲ್ಲಿ ಸಂದೇಹವಿಲ್ಲ. ಅದನ್ನು ಉಳಿಸಿಕೊಂಡದ್ದು ಬಂಧುತ್ವದಿಂದಲ್ಲ.

1874ರಲ್ಲಿ ರೇಚಲ್ ಕುಕ್ ಅವರನ್ನು ಮದುವೆಯಾದರು. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಶಿಕ್ಷಣ ಸಿಗಬೇಕೆಂದು ಆಗತಾನೇ ತೆರೆದಿದ್ದ ಕಾಲೇಜಿನ (ಅದೇ ಮುಂದೆ ಕೇಂಬ್ರಿಜ್ಜಿನ ಗಿರ್ಟನ್ ಕಾಲೇಜಾಯಿತು) ಮೊದಲ ವಿದ್ಯಾರ್ಥಿನಿಯರಲ್ಲಿ ಆಕೆ ಒಬ್ಬರು. 1890ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹೆಣ್ಣುಮಕ್ಕಳ ಶಾಲೆಯೊಂದನ್ನು ಸ್ಥಾಪಿಸಿದವರಲ್ಲಿ ಈ ದಂಪತಿಯೂ ಇದ್ದರು. ಆ ಶಾಲೆ ಈಗಲೂ ನಡೆಯುತ್ತಿದೆ.

ಕಚೇರಿಯಲ್ಲಿ ಸ್ಕಾಟ್ ಮಾಡಿದ ಏರ್ಪಾಡು ಹೀಗಿತ್ತು. ಸಂಪಾದಕೀಯ ಬರೆಯುವವರು ಕೂರುವುದು ಒಂದು ಓಣಿಯ ಸಾಲುಕೋಣೆಗಳಲ್ಲಿ. ವರದಿಗಾರರ ಕೋಣೆಯೇ ಬೇರೆ. ಸಂಪಾದಕೀಯದವರು ಹೆಚ್ಚಾಗಿ ಆಕ್ಸ್‌ಫರ್ಡ್ ಪದವೀಧರರು, ಅವರಿಗೆ ಯಾವ ವಿಷಯದಲ್ಲಿ ಬೇಕಾದರೂ ಕಟುವಾಗಿ ಬರೆಯುವ ಸ್ವಾತಂತ್ರ್ಯ. ವರದಿಗಾರನ ಕೆಲಸ ಹೋಗಿ ನೋಡಿ, ಕೇಳಿ, ಬರೆದು ತರುವುದು. ಸಂಜೆ ಸ್ಕಾಟ್ ಬಂದ ಮೇಲೆ ಮರುದಿನದ ಮುಖ್ಯ ಸಂಪಾದಕೀಯದ ವಿಷಯ ತೀರ್ಮಾನವಾಗುತ್ತಿತ್ತು. ಬಹಳ ಸಲ ಅದನ್ನು ಅವರೇ ಬರೆಯುತ್ತಿದ್ದರು.

ಅಭಿಪ್ರಾಯ ಸುದ್ದಿಯೊಳಗೆ ಬರುವುದು ಎಂದರೆ ವರದಿಗಾರ ನನ್ನ ಪ್ರಕಾರ ಎಂದು ಬರೆಯುವುದಲ್ಲ. ಅಷ್ಟು ಸುಲಭವಾಗಿದ್ದರೆ ಯಾರು ಬೇಕಾದರೂ ತಿದ್ದಬಹುದಿತ್ತು. ಅದು ಕ್ರಿಯಾಪದದಲ್ಲಿ ಬರುತ್ತದೆ. ಒಬ್ಬರು ಹೇಳಿದರು ಎಂದು ಬರೆಯಬಹುದು, ಒಪ್ಪಿಕೊಂಡರು ಎಂದು ಬರೆಯಬಹುದು, ಜಾರಿಕೊಂಡರು ಎಂದೂ ಬರೆಯಬಹುದು. ಅವರು ಆಡಿದ ಮಾತು ಒಂದೇ. ಯಾವ ಸಂಗತಿಯನ್ನು ಮೊದಲ ಸಾಲಿಗೆ ತರುವುದು, ಯಾವುದನ್ನು ಕೊನೆಗೆ ತಳ್ಳುವುದು, ಯಾವುದನ್ನು ಬಿಟ್ಟೇಬಿಡುವುದು ಎಂಬುದರಲ್ಲೂ ಬರುತ್ತದೆ. ತಲೆಬರಹದಲ್ಲಂತೂ ಬಾಗಿಲು ತೆರೆದೇ ಇರುತ್ತದೆ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಇದೇ ಪಾಡು. ರಾತ್ರಿ ಹೊತ್ತು ಸರ್ವರ್ ನಿಂತುಹೋದರೆ ಬೆಳಿಗ್ಗೆ ಒಂದು ವರದಿ ಬರೆಯಬೇಕು. ಎಷ್ಟು ಗಂಟೆಗೆ ಏನಾಯಿತು, ಯಾರು ಏನು ಮಾಡಿದರು, ಎಷ್ಟು ಗಂಟೆಗೆ ಸರಿಹೋಯಿತು. ಕಾರಣ ಮತ್ತು ಹೊಣೆ ಮರುದಿನದ ಸಭೆಗೆ. ನಾನು ಹಿಂದೆ ಇದ್ದ ಒಂದು ಕಡೆ ಅಂಥ ವರದಿಯ ಮೊದಲ ಸಾಲಿನಲ್ಲೇ ಇನ್ನೊಂದು ತಂಡದ ಬೇಜವಾಬ್ದಾರಿ ಎಂದು ಬರೆದುಬಿಟ್ಟಿದ್ದರು. ಆ ತಂಡದವರು ಎರಡು ದಿನ ತಮ್ಮನ್ನು ಸಮರ್ಥಿಸಿಕೊಳ್ಳುವುದರಲ್ಲೇ ಕಳೆದರು. ಡಿಸ್ಕ್ ತುಂಬಿತ್ತು ಎಂಬ ಸರಳ ಕಾರಣ ಮೂರನೆಯ ದಿನ ಹೊರಬಂತು.

ಸ್ಕಾಟ್ ತಣ್ಣಗಿನ ಮನುಷ್ಯ, ಯಾವ ಪಕ್ಷಕ್ಕೂ ಸೇರದ ಸಾಧು ಎಂದು ಯಾರೂ ತಿಳಿಯಬಾರದು. ಅವರಷ್ಟು ಗಟ್ಟಿ ಅಭಿಪ್ರಾಯದ ಸಂಪಾದಕ ಆ ದೇಶದಲ್ಲಿ ಅಪರೂಪ. ಐರ್ಲೆಂಡಿಗೆ ಸ್ವಯಮಾಡಳಿತ ಕೊಡಬೇಕೆಂದು 1886ರಿಂದಲೇ ಬರೆದರು. ಹೆಂಗಸರಿಗೆ ಮತದಾನದ ಹಕ್ಕು ಬೇಕೆಂದು ಬರೆದರು. ಲಿಬರಲ್ ಪಕ್ಷದಿಂದ ಪಾರ್ಲಿಮೆಂಟಿಗೆ ನಿಂತು ಮೂರು ಸಲ ಸೋತು, 1895ರಲ್ಲಿ ಲೀ ಎಂಬ ಕ್ಷೇತ್ರದಿಂದ ಗೆದ್ದು 1906ರವರೆಗೆ ಸದಸ್ಯರಾಗಿದ್ದರು. ಆಗಲೂ ಸಂಪಾದಕ ಹುದ್ದೆ ಬಿಡಲಿಲ್ಲ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ತಾನೇ ಕುಳಿತ ಸದನದ ವರದಿಯನ್ನು ತನ್ನ ಪತ್ರಿಕೆಯಲ್ಲಿ ಹಾಕುವಾಗ ಕೈ ಎಷ್ಟೇ ನೇರವಾಗಿದ್ದರೂ ಓದುಗನಿಗೆ ಅನುಮಾನ ಬರುವುದು ಸಹಜ. ಆ ಕಾಲದಲ್ಲಿ ಅದನ್ನು ಯಾರೂ ತಪ್ಪೆಂದು ಎಣಿಸುತ್ತಿರಲಿಲ್ಲ ಎಂಬುದೂ ನಿಜ.

ಅವರ ನಿಜವಾದ ಪರೀಕ್ಷೆ ನಡೆದದ್ದು ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ. 1899ರ ಅಕ್ಟೋಬರಿನಲ್ಲಿ ಯುದ್ಧ ಆರಂಭವಾಯಿತು. ಚಿನ್ನದ ಗಣಿಗಳಿದ್ದ ಟ್ರಾನ್ಸ್‌ವಾಲ್ ಮತ್ತು ಪಕ್ಕದ ಆರೆಂಜ್ ಫ್ರೀ ಸ್ಟೇಟ್ ಎಂಬ ಎರಡು ಸಣ್ಣ ಬೋಯರ್ ಗಣರಾಜ್ಯಗಳ ಮೇಲೆ ಬ್ರಿಟಿಷ್ ಸಾಮ್ರಾಜ್ಯ. ಬೋಯರರೆಂದರೆ ಅಲ್ಲಿ ನೆಲೆಸಿದ್ದ ಡಚ್ ಮೂಲದ ರೈತರು. ಇಂಗ್ಲೆಂಡಿನಲ್ಲಿ ಜನ ಹುಚ್ಚೆದ್ದು ಬೀದಿಗಿಳಿದು ಯುದ್ಧವನ್ನು ಸಂಭ್ರಮಿಸುತ್ತಿದ್ದರು. ಸ್ಕಾಟ್ ಮಾತ್ರ ಈ ಯುದ್ಧ ಅನ್ಯಾಯದ್ದು ಎಂದು ಸಂಪಾದಕೀಯದಲ್ಲಿ ದಿನವೂ ಬರೆಸಿದರು. ಓದುಗರು ಪತ್ರಿಕೆ ಬಿಟ್ಟರು. ಮಾರಾಟದಲ್ಲಿ ಏಳರಲ್ಲೊಂದು ಪಾಲು ಹೋಯಿತೆಂದು ಲೆಕ್ಕ. ಜಾಹೀರಾತು ಕೊಡುವ ವ್ಯಾಪಾರಿಗಳೂ ಮುಖ ತಿರುಗಿಸಿದರು. ಕೊನೆಗೆ ಸ್ಕಾಟ್ ಮನೆಗೂ ಕಚೇರಿಗೂ ಪೊಲೀಸ್ ಕಾವಲು ಹಾಕಬೇಕಾಯಿತು.

ಯುದ್ಧದ ಸುದ್ದಿಯನ್ನು ಮಾತ್ರ ಅವರು ಕಡಿಮೆ ಮಾಡಲಿಲ್ಲ, ತಿರುಚಲೂ ಇಲ್ಲ. ಜೆ.ಬಿ. ಆಟ್ಕಿನ್ಸ್ ಎಂಬ ಯುವ ವರದಿಗಾರನನ್ನು ಬ್ರಿಟಿಷ್ ಸೇನೆಯ ಜೊತೆ ಕಳಿಸಿದ್ದರು. 1900ರ ಜನವರಿಯಲ್ಲಿ ಸ್ಪಿಯಾನ್ ಕಾಪ್ ಎಂಬ ಬೆಟ್ಟದ ಮೇಲೆ ಬ್ರಿಟಿಷ್ ಸೈನಿಕರು ನೂರಾರು ಸಂಖ್ಯೆಯಲ್ಲಿ ಸತ್ತರು. ಆಟ್ಕಿನ್ಸ್ ಆ ಕದನದ ವರದಿ ಬರೆದರು. ಅದೇ ಬೆಟ್ಟದ ಬುಡದಿಂದ ಗಾಯಾಳುಗಳನ್ನು ಡೋಲಿಯಲ್ಲಿ ಹೊತ್ತು ಮೈಲಿಗಟ್ಟಲೆ ನಡೆದವರಲ್ಲಿ ಗಾಂಧೀಜಿ ಕಟ್ಟಿದ ಭಾರತೀಯ ಆಂಬ್ಯುಲೆನ್ಸ್ ದಳದವರೂ ಇದ್ದರು. ಯುದ್ಧ ತಪ್ಪೆಂದು ಒಂದು ಪುಟ ಹೇಳುವಾಗ, ಆ ಯುದ್ಧದಲ್ಲಿ ಹೋರಾಡುತ್ತಿದ್ದ ಸೈನಿಕನ ಕಷ್ಟ, ಧೈರ್ಯ, ಸಾವು ಇನ್ನೊಂದು ಪುಟದಲ್ಲಿ ಇದ್ದಹಾಗೆಯೇ ಬರುತ್ತಿತ್ತು. ಮಗನನ್ನು ಯುದ್ಧಕ್ಕೆ ಕಳಿಸಿದ ತಾಯಿಗೆ ಸಂಪಾದಕೀಯ ಬೇಕಿರಲಿಲ್ಲ, ಆ ಸುದ್ದಿ ಬೇಕಿತ್ತು.

ಆಮೇಲೆ ಶಿಬಿರಗಳ ವಿಷಯ ಬಂತು. ಬೋಯರ್ ಹೋರಾಟಗಾರರಿಗೆ ಅನ್ನ ನೀರು ಸಿಗಬಾರದೆಂದು ಬ್ರಿಟಿಷ್ ಸೇನೆ ಅವರ ಹೊಲಮನೆಗಳನ್ನು ಸುಟ್ಟು, ಹೆಂಗಸರನ್ನೂ ಮಕ್ಕಳನ್ನೂ ಡೇರೆಗಳ ಶಿಬಿರಕ್ಕೆ ತಳ್ಳಿತು. ಎಮಿಲಿ ಹಾಬ್‌ಹೌಸ್ ಎಂಬ ಮಹಿಳೆ 1901ರಲ್ಲಿ ಆ ಶಿಬಿರಗಳನ್ನು ಸುತ್ತಿ ಬಂದು ವರದಿ ಬರೆದರು. ಗಾರ್ಡಿಯನ್ ಅದಕ್ಕೆ ಜಾಗ ಕೊಟ್ಟಿತು. ಆಕೆಯ ತಮ್ಮ ಎಲ್.ಟಿ. ಹಾಬ್‌ಹೌಸ್ ಅದೇ ಪತ್ರಿಕೆಯಲ್ಲಿ ಸಂಪಾದಕೀಯ ಬರೆಯುತ್ತಿದ್ದವರು. ಅಕ್ಕನ ಮಾತಿಗೆ ತಮ್ಮನ ಪತ್ರಿಕೆ ಎಂದು ವಿರೋಧಿಗಳು ಆಡಿಕೊಳ್ಳಲು ಇಷ್ಟು ಸಾಕಿತ್ತು. ಆದರೆ ಆಕೆ ಬರೆದದ್ದು ಒಂದು ಡೇರೆಯಲ್ಲಿ ಎಷ್ಟು ಜನ, ತಲೆಗೆ ಎಷ್ಟು ಪಡಿ, ಸೋಪು ಇದೆಯೋ ಇಲ್ಲವೋ, ನೀರು ಎಲ್ಲಿಂದ, ಯಾವ ಮಗು ಯಾವ ಕಾಯಿಲೆಯಲ್ಲಿ ಎಂಬಂಥ ಲೆಕ್ಕ. ನಮ್ಮ ಸೈನಿಕರು ರಾಕ್ಷಸರು ಎಂದಷ್ಟೇ ಬರೆದಿದ್ದರೆ ಒಂದು ದಿನದಲ್ಲಿ ತಳ್ಳಿಹಾಕುತ್ತಿದ್ದರು. ಲೆಕ್ಕವನ್ನು ತಳ್ಳಿಹಾಕಲು ಆಗಲಿಲ್ಲ. ಸರ್ಕಾರ ಮಿಲಿಸೆಂಟ್ ಫಾಸೆಟ್ ನೇತೃತ್ವದಲ್ಲಿ ಮಹಿಳೆಯರದೇ ಒಂದು ಸಮಿತಿ ಕಳಿಸಿತು. ಯುದ್ಧವನ್ನು ಬೆಂಬಲಿಸುತ್ತಿದ್ದವರು ನಡೆಸಿದ ಆ ಸಮಿತಿಯೂ ಮುಖ್ಯ ಸಂಗತಿಗಳು ನಿಜವೆಂದೇ ವರದಿ ಕೊಟ್ಟಿತು. ಬಳಿಕ ಶಿಬಿರಗಳಲ್ಲಿ ಸಾವು ಇಳಿಯಿತು. ಅಷ್ಟರೊಳಗೆ ಬೋಯರ್ ಹೆಂಗಸರು ಮಕ್ಕಳು ಸುಮಾರು 26,000 ಸತ್ತಿದ್ದರು. ಕಪ್ಪು ಜನರ ಶಿಬಿರಗಳು ಬೇರೆಯೇ ಇದ್ದವು, ಅಲ್ಲಿಯೂ ಸಾವಿರಾರು ಜನ ಸತ್ತರು. ಅವರ ಡೇರೆಗಳನ್ನು ಎಣಿಸಲು ಅಂಥ ವರದಿಗಾರರು ಹೋಗಲಿಲ್ಲ. ಗಾರ್ಡಿಯನ್ನಿನವರೂ ಹೋಗಲಿಲ್ಲ.

1905 ಅವರಿಗೆ ಕೆಟ್ಟ ವರ್ಷ. ಪತ್ನಿ ತೀರಿಕೊಂಡರು. ಮಾಲೀಕ ಟೇಲರ್ ಕೂಡ ಅದೇ ವರ್ಷ ತೀರಿಕೊಂಡರು. ಉಯಿಲಿನ ಗೊಂದಲದಿಂದ ಪತ್ರಿಕೆ ಬೇರೆಯವರ ಪಾಲಾಗುವ ಹಾಗಿತ್ತು. ಎರಡು ವರ್ಷ ಜಗ್ಗಾಡಿ, ಬಂಧುಗಳಿಂದ ಸ್ನೇಹಿತರಿಂದ ಸಾಲ ಎತ್ತಿ, 1907ರಲ್ಲಿ 2,42,000 ಪೌಂಡು ಕೊಟ್ಟು ಸ್ಕಾಟ್ ಪತ್ರಿಕೆಯನ್ನು ಕೊಂಡರು. ಆಗ ಅವರಿಗೆ 60 ದಾಟಿತ್ತು. ನಮ್ಮಲ್ಲಿ ರಿಟೈರ್ ಆಗಿ ಮೊಮ್ಮಕ್ಕಳನ್ನು ಶಾಲೆಗೆ ಬಿಡುವ ವಯಸ್ಸು. ಅವರು ಫ್ಯಾಲೋಫೀಲ್ಡಿನ ಮನೆಯಿಂದ ಸುಮಾರು 5 ಕಿ.ಮೀ. ದೂರದ ಕಚೇರಿಗೆ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದರು. ಮುಪ್ಪಿನವರೆಗೂ ಆ ಸೈಕಲ್ ಬಿಡಲಿಲ್ಲ.

ಇನ್ನು ಅವರು ಎಡವಿದ ಕಡೆಗೆ ಬರುತ್ತೇನೆ. ಮೊದಲ ಮಹಾಯುದ್ಧದ ಹೊತ್ತಿಗೆ ಸ್ಕಾಟ್ ದೊಡ್ಡವರ ಆಪ್ತರಾಗಿದ್ದರು. ಲಾಯ್ಡ್ ಜಾರ್ಜ್ 1916ರ ಡಿಸೆಂಬರಿನಲ್ಲಿ ಪ್ರಧಾನಿಯಾದರು. ಸ್ಕಾಟ್ ಆಗಾಗ ಲಂಡನ್ನಿಗೆ ಹೋಗಿ ಅವರೊಡನೆ ಉಪಾಹಾರ ಮಾಡಿ, ರಾಜ್ಯದ ಗುಟ್ಟುಗಳನ್ನು ಕೇಳಿ, ಸಲಹೆ ಕೊಟ್ಟು, ವಾಪಸು ಬಂದು ಡೈರಿ ಬರೆದಿಡುತ್ತಿದ್ದರು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಖೈಮ್ ವೈಜ್‌ಮನ್ ಅವರನ್ನು ಲಾಯ್ಡ್ ಜಾರ್ಜ್‌ಗೆ ಪರಿಚಯಿಸಿದವರೂ ಇವರೇ. ಮುಂದೆ ಇಸ್ರೇಲಿನ ಮೊದಲ ಅಧ್ಯಕ್ಷರಾದವರು ಆ ವೈಜ್‌ಮನ್. ಸಂಪಾದಕ ಸುದ್ದಿ ನೋಡುವವನಾಗಿ ಉಳಿಯದೆ ಸುದ್ದಿ ನಡೆಸುವವರ ಮಧ್ಯೆ ಕೂತಿದ್ದರು.

1917ರ ಕೊನೆಯಲ್ಲಿ ಎರಡು ಸಂಗತಿಗಳು ಒಂದರ ಹಿಂದೆ ಒಂದು ನಡೆದವು. ರಷ್ಯಾದಲ್ಲಿ ಬೋಲ್ಷೆವಿಕರು ಅಧಿಕಾರ ಹಿಡಿದು, ಮಿತ್ರರಾಷ್ಟ್ರಗಳು ಗುಟ್ಟಾಗಿ ಮಾಡಿಕೊಂಡಿದ್ದ ಒಪ್ಪಂದಗಳನ್ನು ಹೊರಹಾಕಿದರು. ಗೆದ್ದ ಮೇಲೆ ಯಾರಿಗೆ ಯಾವ ನಾಡು ಎಂದು ಅವುಗಳಲ್ಲಿ ಹಂಚಿಕೆ ಬರೆದಿತ್ತು. ಗಾರ್ಡಿಯನ್ ಅವನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿತು. ಸ್ವಂತ ಸರ್ಕಾರಕ್ಕೆ ಮುಜುಗರವಾಗುವ ಸುದ್ದಿ ಎಂದು ತಡೆಹಿಡಿಯಲಿಲ್ಲ.

ಅದೇ ಡಿಸೆಂಬರಿನಲ್ಲಿ, ರಣರಂಗದಿಂದ ಬಂದಿದ್ದ ಫಿಲಿಪ್ ಗಿಬ್ಸ್ ಎಂಬ ವರದಿಗಾರ ಲಂಡನ್ನಿನ ಒಂದು ಔತಣದಲ್ಲಿ ಅಲ್ಲಿನ ನರಕವನ್ನು ಕಣ್ಣಿಗೆ ಕಟ್ಟುವಂತೆ ಹೇಳಿದರು. ಅದನ್ನು ಕೇಳಿದ್ದ ಲಾಯ್ಡ್ ಜಾರ್ಜ್ ಸ್ಕಾಟ್ ಬಳಿ ಮನಸ್ಸು ತೋಡಿಕೊಂಡರು. ನಿಜ ಸ್ಥಿತಿ ಜನರಿಗೆ ಗೊತ್ತಾದರೆ ಯುದ್ಧ ಒಂದು ದಿನವೂ ಮುಂದುವರಿಯದು, ಆದರೆ ಗೊತ್ತಾಗುವ ದಾರಿಯಿಲ್ಲ ಎಂಬುದು ಪ್ರಧಾನಿಯ ಮಾತಿನ ಸಾರ. ಸ್ಕಾಟ್ ಅದನ್ನು ಡೈರಿಯಲ್ಲಿ ಬರೆದರು. ಪತ್ರಿಕೆಯಲ್ಲಿ ಬರೆಯಲಿಲ್ಲ. ಯುದ್ಧ ಇನ್ನೂ ಹತ್ತು ತಿಂಗಳಿಗೂ ಹೆಚ್ಚು ಕಾಲ ನಡೆಯಿತು. ಸ್ಕಾಟ್ ಡೈರಿ ಪುಸ್ತಕವಾಗಿ ಹೊರಬಂದದ್ದು 1970ರಲ್ಲಿ.

ಅವರ ಪರವಾಗಿ ಹೇಳಬಹುದಾದದ್ದೂ ಇದೆ. ನಂಬಿ ಆಡಿದ ಖಾಸಗಿ ಮಾತನ್ನು ಅಚ್ಚು ಹಾಕುವುದು ವಿಶ್ವಾಸಘಾತ. ಯುದ್ಧಕಾಲದ ಕಾನೂನು ಇತ್ತು, ಸೆನ್ಸಾರ್ ಇತ್ತು, ಪತ್ರಿಕೆಯನ್ನೇ ಮುಚ್ಚಿಸಬಹುದಿತ್ತು. ಇದೆಲ್ಲ ಸರಿ. ಆದರೂ ಬೋಯರ್ ಯುದ್ಧದಲ್ಲಿ ಮನೆಗೆ ಪೊಲೀಸ್ ಕಾವಲು ಬಂದರೂ ಜಗ್ಗದ ಮನುಷ್ಯ ಇಲ್ಲಿ ಸುಮ್ಮನಿದ್ದರು. ಹೆದರಿ ಸುಮ್ಮನಾದರೆಂದು ನನಗನ್ನಿಸುವುದಿಲ್ಲ. ಗೆಳೆತನದ ಕೋಣೆಯೊಳಗೆ ಕೂತು ಆ ಯುದ್ಧ ಹೇಗೆ ಮುಗಿಯಬೇಕು ಎಂಬ ಬಗ್ಗೆ ತಮ್ಮದೇ ಒಂದು ಅಭಿಪ್ರಾಯ ಕಟ್ಟಿಕೊಂಡಿದ್ದರು. ಆ ಅಭಿಪ್ರಾಯ ವರದಿಯ ಪದಗಳಲ್ಲಿ ಬರಲಿಲ್ಲ. ವರದಿಯೇ ಬಾರದಂತೆ ಮಾಡಿತು.

1921ರ ಮೇ 5ಕ್ಕೆ ಪತ್ರಿಕೆಗೆ ನೂರು ವರ್ಷ ತುಂಬಿತು. 74 ವರ್ಷದ ಸ್ಕಾಟ್ ಅಂದಿನ ಸಂಚಿಕೆಗೆ ಒಂದು ಲೇಖನ ಬರೆದರು. ಇಂದಿಗೂ ಪತ್ರಿಕೋದ್ಯಮ ಕಲಿಯುವ ಎಲ್ಲರೂ ಅದರ ಹೆಸರು ಕೇಳಿರುತ್ತಾರೆ. ಪತ್ರಿಕೆಯ ಮೊದಲ ಕೆಲಸ ಸುದ್ದಿ ಕಲೆಹಾಕುವುದು, ಅದರಲ್ಲಿ ಕಲಬೆರಕೆ ಆಗಕೂಡದು ಎನ್ನುತ್ತದೆ ಆ ಲೇಖನ. ಅಭಿಪ್ರಾಯ ಹೇಳಲು ಯಾರಿಗೂ ತಡೆಯಿಲ್ಲ, ಆದರೆ ನಡೆದ ಸಂಗತಿಯನ್ನು ಮುಟ್ಟುವ ಹಕ್ಕು ಯಾರಿಗೂ ಇಲ್ಲ ಎಂಬುದು ಅದರ ತಿರುಳು. ನಮ್ಮ ಮಿತ್ರರ ಮಾತಿನಷ್ಟೇ ಎದುರಾಳಿಯ ಮಾತೂ ಓದುಗರಿಗೆ ಕೇಳಬೇಕು ಎಂದೂ ಬರೆದರು. ನನ್ನ ಕಣ್ಣು ನಿಂತದ್ದು ಇನ್ನೊಂದು ಕಡೆ. ಸತ್ಯಕ್ಕೆ ಪೆಟ್ಟು ಬೀಳುವುದು ಸುದ್ದಿ ಕೊಡುವುದರಲ್ಲಿ ಮಾತ್ರವಲ್ಲ, ಬಿಡುವುದರಲ್ಲೂ, ಕೊಡುವ ರೀತಿಯಲ್ಲೂ ಆಗಬಹುದು ಎಂದು ಅವರು ಮೂರನ್ನೂ ಎಣಿಸಿದ್ದಾರೆ. ಬಿಡುವುದು ಎಂದು ಬರೆಯುವಾಗ ಮೂರೂವರೆ ವರ್ಷದ ಹಿಂದಿನ ಆ ಡಿಸೆಂಬರ್ ಅವರ ಮನಸ್ಸಿಗೆ ಬಂದಿತ್ತೋ ಇಲ್ಲವೋ, ಲೇಖನದಲ್ಲಿ ಅದರ ಸುಳಿವಿಲ್ಲ.

ಅದೇ ಕಾಲದಲ್ಲಿ ಐರ್ಲೆಂಡಿನಲ್ಲಿ ಬ್ರಿಟಿಷ್ ಪಡೆಗಳು ಊರುಗಳಿಗೆ ಬೆಂಕಿಯಿಟ್ಟ ಸುದ್ದಿಯನ್ನು ಗಾರ್ಡಿಯನ್ ಬಿಡದೆ ಪ್ರಕಟಿಸುತ್ತಿತ್ತು. ಆಗ ಪ್ರಧಾನಿ ಅದೇ ಲಾಯ್ಡ್ ಜಾರ್ಜ್.

ಕ್ರಿಕೆಟ್ ಪ್ರಿಯರಿಗಾಗಿ ಒಂದು ಮಾತು. ಕ್ರಿಕೆಟ್ ಬರಹಗಳಿಗೆ ಹೆಸರಾದ ನೆವಿಲ್ ಕಾರ್ಡಸ್ ಬೆಳೆದದ್ದು ಸ್ಕಾಟ್ ಪತ್ರಿಕೆಯಲ್ಲೇ. ಕಾರ್ಡಸ್ ವರದಿಗಳಲ್ಲಿ ಆಟಗಾರರ ಬಾಯಲ್ಲಿ ಬರುವ ಮಾತುಗಳಲ್ಲಿ ಎಷ್ಟೋ ಅವರೇ ಕಲ್ಪಿಸಿದವು ಎಂಬುದು ಈಗ ಎಲ್ಲರಿಗೂ ಗೊತ್ತು. ಓದಲು ಬಹಳ ಸೊಗಸು. ಸಂಪಾದಕರ ನಿಯಮ ಕ್ರಿಕೆಟ್ ಮೈದಾನದ ಗೇಟಿನ ಹೊರಗೇ ನಿಂತಿತ್ತೆಂದು ಕಾಣುತ್ತದೆ!

1929ರ ಜುಲೈನಲ್ಲಿ, 82 ದಾಟಿದ ಮೇಲೆ, ಸ್ಕಾಟ್ ಸಂಪಾದಕ ಹುದ್ದೆಯನ್ನು ಮಗ ಎಡ್ವರ್ಡ್‌ಗೆ ಬಿಟ್ಟುಕೊಟ್ಟರು. ಮರುವರ್ಷ ಮ್ಯಾಂಚೆಸ್ಟರ್ ನಗರ ಅವರಿಗೆ ಗೌರವ ಪೌರತ್ವ ಕೊಟ್ಟಿತು. 1932ರ ಜನವರಿ 1ರಂದು, 85ನೆಯ ವಯಸ್ಸಿನಲ್ಲಿ ತೀರಿಕೊಂಡರು. ನಾಲ್ಕು ತಿಂಗಳೊಳಗೆ ಎಡ್ವರ್ಡ್ ವಿಂಡರ್ಮಿಯರ್ ಸರೋವರದಲ್ಲಿ ದೋಣಿ ಮಗುಚಿ ಸತ್ತರು. ಉಳಿದ ಮಗ ಜಾನ್ ಅವರೂ ಸತ್ತರೆ ಮರಣ ತೆರಿಗೆ ಕಟ್ಟಲು ಪತ್ರಿಕೆಯನ್ನೇ ಮಾರಬೇಕಾಗುತ್ತಿತ್ತು. 1936ರಲ್ಲಿ ಜಾನ್ ತಮ್ಮ ಒಡೆತನವನ್ನೆಲ್ಲ ಬಿಟ್ಟು ಒಂದು ಟ್ರಸ್ಟಿಗೆ ವಹಿಸಿದರು. ಅದೇ ಸ್ಕಾಟ್ ಟ್ರಸ್ಟ್. ಪತ್ರಿಕೆಯ ಹೆಸರಿನಿಂದ ಮ್ಯಾಂಚೆಸ್ಟರ್ ಎಂಬ ಪದ 1959ರಲ್ಲಿ ಹೋಯಿತು, ಸಂಪಾದಕರ ಕಚೇರಿ 1964ರಲ್ಲಿ ಲಂಡನ್ನಿಗೆ ಹೋಯಿತು.

ಸುದ್ದಿಯಲ್ಲಿ ಅಭಿಪ್ರಾಯ ಬೆರೆತಿದೆ ಎಂಬ ದೂರು ಆ ಪತ್ರಿಕೆಯ ಮೇಲೆ ಈಗಲೂ ಬರುತ್ತದೆ. ಇಂಥ ದೂರುಗಳನ್ನು ಕೇಳಿ, ತಪ್ಪಿದ್ದರೆ ಪತ್ರಿಕೆಯಲ್ಲೇ ತಿದ್ದುಪಡಿ ಹಾಕಿಸಲೆಂದು 1997ರಲ್ಲಿ ಅಲ್ಲಿ ಓದುಗರ ಸಂಪಾದಕ ಎಂಬ ಹುದ್ದೆ ಮಾಡಿದರು. ಸಂಪಾದಕರು ಬೇಡವೆಂದರೂ ಅವರ ಬರಹವನ್ನು ಅಚ್ಚು ಹಾಕಲೇಬೇಕು. 2006ರಲ್ಲಿ ನಮ್ಮ ದೇಶದ ದಿ ಹಿಂದೂ ಪತ್ರಿಕೆಯೂ ಅದೇ ಮಾದರಿಯ ಹುದ್ದೆಯನ್ನು ಆರಂಭಿಸಿತು.